ಭಾವಯ್ಯ ಯಾರೆಂದು ನಾನು ಹೇಳಿದ ಸುಳ್ಳು

ಸುಳ್ಳು ಹೇಳಿದ್ದು ನಾನು. ನಮ್ಮ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಮೂರು ಚೌಕಗಳ ಚಿತ್ರವಾಗಿ ಬರುವ ‘ಭಾವಯ್ಯ’ — ಕರೆಯದೆ ಊಟಕ್ಕೆ ಬಂದು, ಉಂಡ ಮನೆಯವರಿಗೇ ಉಪದೇಶ ಮಾಡಿ ಹೋಗುವ ಆ ಮನುಷ್ಯ — ಕಿಗ್ಗದ ಅಡಿಗೆ ಅನಂತಯ್ಯನವರೇ ಎಂಬ ಮಾತನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ನೀವೂ ಕೇಳಿರಬಹುದು. ಕೇಳಿ ನಕ್ಕಿರಲೂಬಹುದು. ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಹೇಳುವಾಗಲೇ ನನಗೆ ಅದು ಗೊತ್ತಿತ್ತು.

ನನ್ನನ್ನು ಬಲ್ಲವರಿಗೆ ಇದು ವಿಚಿತ್ರವೆನಿಸೀತು. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳಿ ಮದುವೆಮನೆಗಳಲ್ಲೂ ಜಗಳ ತೆಗೆದವಳು ನಾನು. ಮೊಬೈಲಿನಲ್ಲಿ ಬರುವ ಮನೆಮದ್ದು, ಜಾತಕ, ಪವಾಡ — ಒಂದನ್ನೂ ಬಿಟ್ಟವಳಲ್ಲ. ಆ ದಿನ ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಆಗ ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಡಿಗ್ರಿ ಓದುತ್ತಿದ್ದೆ, ಕೊನೆಯ ವರ್ಷ. ಕಾಲೇಜುಗಳ ನಡುವಿನ ಚರ್ಚಾಸ್ಪರ್ಧೆ. ವಿಷಯ: ವ್ಯಂಗ್ಯಚಿತ್ರಕ್ಕೆ ನೀತಿಯ ಬೇಲಿ ಬೇಕೇ? ಚೀಟಿ ಎತ್ತಿದಾಗ ನನಗೆ ‘ಬೇಕು’ ಬಂತು. ನನ್ನ ನಂಬಿಕೆ ‘ಬೇಡ’. ಆದರೇನು — ಚೀಟಿಯಲ್ಲಿ ಬಂದ ಪಕ್ಷವನ್ನು ಗೆಲ್ಲಿಸುವುದೇ ನಾವು ಕಲಿತ ವಿದ್ಯೆ. ಎದುರಾಳಿ ಹುಡುಗ ಸವಾಲು ಹಾಕಿದ: “ಚಿತ್ರದಿಂದ ನೊಂದ ಒಬ್ಬ ಮನುಷ್ಯನನ್ನಾದರೂ ತೋರಿಸಿ.” ನನ್ನ ಬಳಿ ಒಬ್ಬರೂ ಇರಲಿಲ್ಲ. ಹಾಗಾಗಿ ಒಬ್ಬರನ್ನು ಹುಟ್ಟಿಸಿದೆ.

ಭಾವಯ್ಯನನ್ನು ಬರೆಯುವ ಶ್ರೀಧರಣ್ಣ ಕೊಪ್ಪದಲ್ಲಿ ನಮ್ಮ ಬೀದಿಯವರೇ. ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಅನಂತಯ್ಯ ಅವರ ಹಳೆಯ ಸ್ನೇಹಿತರು. ಮದುವೆ ಅಡಿಗೆಗಳಿಗೆ ದಿನಸಿ ಹೇಳಲು ಪ್ರತಿ ಗುರುವಾರ ಕೊಪ್ಪಕ್ಕೆ ಬಂದವರು ಶ್ರೀಧರಣ್ಣನ ಮನೆಯಲ್ಲೇ ಊಟ ಮಾಡಿ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ನನಗೆ ಗೊತ್ತಿದ್ದದ್ದು ಅಷ್ಟೇ. ವೇದಿಕೆಯಲ್ಲಿ ಹೇಳಿದೆ: “ಭಾವಯ್ಯ ಕಲ್ಪನೆಯಲ್ಲ. ಕಿಗ್ಗದ ಅಡಿಗೆಯವರೊಬ್ಬರು ಗುರುವಾರ ಚಿತ್ರಕಾರರ ಮನೆಯಲ್ಲಿ ಉಣ್ಣುತ್ತಾರೆ, ಭಾನುವಾರ ಊರಿಗೆಲ್ಲ ನಗೆಪಾಟಲಾಗುತ್ತಾರೆ. ಸ್ನೇಹಿತನನ್ನು ಹೀಗೆ ಮಾರಿಕೊಳ್ಳಬಹುದೇ?” ಸಭೆ ‘ಹೋ’ ಎಂದಿತು. ಕಪ್ ನನಗೆ ಬಂತು.

ಮಾತು ಉಳಿಯಿತು, ಆಡಿದವಳ ಹೆಸರು ದಾರಿಯಲ್ಲೆಲ್ಲೋ ಉದುರಿತು. ತಿಂಗಳೊಳಗೆ ಶೃಂಗೇರಿಯ ಒಂದು ಮದುವೆಯಲ್ಲಿ, ಸೌಟು ಹಿಡಿದು ನಿಂತಿದ್ದ ಅನಂತಯ್ಯನವರನ್ನು ನೋಡಿ ಯಾರೋ ಕೂಗಿದರಂತೆ — “ಓ, ಭಾವಯ್ಯ ಬಂದ್ರು! ಮೊದ್ಲು ಅವ್ರಿಗೊಂದು ಎಲೆ ಹಾಕ್ರೋ!” ಲೆಕ್ಕವಿಲ್ಲದಷ್ಟು ಎಲೆಗಳಿಗೆ ಬಡಿಸಿದ ಮನುಷ್ಯನಿಗೆ ಬಿಟ್ಟಿ ಊಟದವನೆಂಬ ಹೆಸರು. ಅವರು ಗುರುವಾರ ಬರುವುದು ನಿಂತಿತು. ನಾನು ಅದನ್ನು ಗಮನಿಸಿದ್ದೆ. ಗಮನಿಸಿಯೂ —

ಭಾವಯ್ಯನೂ ಸೊರಗಿದ. ಚಿತ್ರ ಬರುತ್ತಿತ್ತು, ನಗು ಬರುತ್ತಿರಲಿಲ್ಲ. ‘ಶ್ರೀಧರಣ್ಣಂಗೆ ವಯಸ್ಸಾಯ್ತು’ ಎಂದರು ಜನ. ನಾನೂ ಅಂದೆ.

ಮೂರು ವರ್ಷ ಕಳೆದು, ಮೊನ್ನೆ, ಶ್ರೀಧರಣ್ಣನ ಬೀದಿಯವಳೆಂದು ಪತ್ರಿಕೆಯವರು ನನ್ನನ್ನೇ ಕೇಳಿದರು: ಭಾವಯ್ಯನ ಬಗ್ಗೆ ಓದುಗರಿಗೆ ಗೊತ್ತಿಲ್ಲದ ಸಂಗತಿಗಳನ್ನು ಬರೆದುಕೊಡಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಶ್ರೀಧರಣ್ಣನ ಎದುರು ಕುಳಿತೆ. ಗೊತ್ತಿಲ್ಲದ ಸಂಗತಿಗಳು ಸಿಕ್ಕವು.

ಭಾವಯ್ಯ ಎಂದರೆ ಶ್ರೀಧರಣ್ಣನೇ. ಮದುವೆಯಾದ ಹೊಸತರಲ್ಲಿ ಕೆಲಸವಿಲ್ಲದೆ ಹಿರೇಕೊಡಿಗೆಯಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿದ್ದರಂತೆ. “ಉಂಡೂ ಉಂಡೂ ಅವ್ರಿಗೇ ಬುದ್ಧಿ ಹೇಳ್ತಿದ್ದೆ ಮಾರಾಯ್ತಿ. ಆ ಮೂಗು ನೋಡು, ನಂದೇ!” ಇನ್ನೊಂದು ಸಂಗತಿ — ಅವರು ಮೊದಲು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಆ ಹಾಳೆಯನ್ನು ಗುರುವಾರ ಅನಂತಯ್ಯನವರ ಎಲೆಯ ಪಕ್ಕ ಇಟ್ಟು, ಏನೂ ಹೇಳದೆ ಎದುರು ಕೂರುತ್ತಿದ್ದರು. ಸಾರನ್ನದ ಹೊತ್ತಿಗೆ ಅವರು ನಕ್ಕರೆ ಪೆನ್ಸಿಲ್ ಗೆರೆಗಳ ಮೇಲೆ ಮಸಿ ಹಾಕಿ ಅಚ್ಚಿಗೆ. ಮಜ್ಜಿಗೆ ಅನ್ನದವರೆಗೂ ನಗದಿದ್ದರೆ ಅಳಿಸಿ ಹೊಸದು.

“ಇದು ಅವರಿಗೆ ಗೊತ್ತಿತ್ತಾ?” ಎಂದೆ.

“ಹೇಳಿದ್ರೆ ಬೇಕಂತ ನಗ್ತಿದ್ದ. ಸ್ನೇಹಿತ ಅಲ್ವ? ಈಗ ಬರೋದೇ ಇಲ್ಲ. ಎಂತಕ್ಕೆ ಅಂತ್ಲೂ ಹೇಳ್ಲಿಲ್ಲ. ನನ್ನಷ್ಟಕ್ಕೆ ಮಸಿ ಹಾಕ್ತೇನೆ, ಕುರುಡನ ಹಾಂಗೆ.”

ರೆಕಾರ್ಡಿಂಗ್ ನಿಲ್ಲಿಸಿದೆ. ಆದರೆ ಹೇಳಲಿಲ್ಲ — ಆಗಲೂ ಹೇಳಲಿಲ್ಲ. ಎರಡು ದಿನ ಬೇಕಾಯಿತು ಕಿಗ್ಗದ ಬಸ್ಸು ಹತ್ತಲು.

ಅನಂತಯ್ಯ ಅಂಗಳದಲ್ಲಿ ಕೊತ್ತಂಬರಿ ಬೀಜ ಹರಡುತ್ತಿದ್ದರು. ನಿಂತಲ್ಲೇ ನನ್ನ ಸುಳ್ಳಿನ ಕಥೆಯನ್ನೆಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

“ಸುಳ್ಳು ಅಂತ ಗೊತ್ತಿತ್ತಾ ಕೂಸೇ ನಿಂಗೆ?”

“ಗೊತ್ತಿತ್ತು.”

“ಕಪ್ ಎಷ್ಟು ದೊಡ್ಡದು?”

ಕೈಯಲ್ಲಿ ತೋರಿಸಿದೆ.

“ಅಷ್ಟೇಯ? ಒಂದು ಸೇರು ಪಾಯಸ ಹಿಡಿಯೂದಿಲ್ಲ.”

ಆಮೇಲೆ ಅವರು ಹೇಳಿದ್ದು — ಯಾವ ಎದುರಾಳಿಯೂ ನನ್ನನ್ನು ಹಾಗೆ ಹೊಡೆದಿರಲಿಲ್ಲ. “ಜನ ಅಂದದ್ದು ಬಿಡು. ಎಲೆ ಬದಿಗೆ ಕಾಗದ ಇಟ್ಟು ಅವ ನನ್ನ ಮುಖವನ್ನೇ ನೋಡ್ತಾ ಕೂರ್ತಿದ್ದ. ಹೌದಲ್ಲ, ನಾ ಉಂಬದನ್ನ ನೋಡೇ ಬರೀತಿದ್ದ ಅಂತ ನಂಗೇ ಕಂಡ್ತು. ಕೇಳೂಕೆ ನಾಚ್ಕೆ ಆತು.”

ಆಧಾರ ಇರಲಿಲ್ಲ ಎಂದೆನಲ್ಲ — ಅವರ ಪಾಲಿಗೆ ಇತ್ತು. ಇಬ್ಬರ ಸ್ನೇಹದ ತೀರ ಒಳಗಿನ ಪದ್ಧತಿಯೇ ನನ್ನ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತ್ತು.

ಶ್ರೀಧರಣ್ಣ ಕಾಯುತ್ತಿದ್ದದ್ದು ನಿಮ್ಮ ನಗುವಿಗೆ, ಭಾವಯ್ಯ ಎಂದರೆ ಸ್ವತಃ ಶ್ರೀಧರಣ್ಣನೇ ಎಂದೆ. ಆಗ ಕೈ ನಿಂತಿತು.

“ಹಂಗಾರೆ, ನಾ ನಗದೆ ಇದ್ದದ್ದೆಲ್ಲ?”

“ಅಳಿಸಿದ್ದಾರೆ.”

“ಅಯ್ಯೋ ಮಾರಾಯ್ತಿ! ಒಂದು ತಿಂಗ್ಳು ನಂಗೆ ಹಲ್ಲುನೋವಿತ್ತು!”

ನಗಲಿಲ್ಲ ಅವರು. ಕೊತ್ತಂಬರಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ನಾನು ಹೊರಡುವಾಗ ಹೇಳಿದರು: “ಸಭೇಲಿ ಆಡಿದ್ದನ್ನ ನನ್ನ ಅಂಗಳದಲ್ಲಿ ತೊಳೆಯೂಕೆ ಆಗೂದಿಲ್ಲ. ಪೇಪರಲ್ಲಿ ಬರಿ. ಹೆಸರು ಹಾಕು.”

ಹಾಕುತ್ತಿದ್ದೇನೆ. ನಾನು ಮೇಧಾ, ಶ್ರೀಧರಣ್ಣನ ಬೀದಿಯ ಕೊನೆಯ ಮನೆಯವಳು. ಅನಂತಯ್ಯನವರನ್ನು ಭಾವಯ್ಯ ಎಂದು ಕರೆದವರೆಲ್ಲರೂ ಕರೆದದ್ದು ನನ್ನ ಮಾತು ನಂಬಿ.

ಅದೇ ಸಂಜೆ ಶ್ರೀಧರಣ್ಣನಿಗೂ ಹೇಳಿದೆ. ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಕುಳಿತರು — ಬೈದಿದ್ದರೆ ವಾಸಿಯಿತ್ತು. ಒಳಗಿಂದ ಕೇಳಿಸಿಕೊಂಡ ಅವರ ಹೆಂಡತಿ ಶಾರದಕ್ಕ ನನ್ನ ಕಡೆ ನೋಡದೆ ಗಂಡನಿಗೆ ಹೇಳಿದರು: “ಗುರುವಾರಕ್ಕೆ ಬದನೆಕಾಯಿ ತರ್ಬೇಡಿ. ಅನಂತಯ್ಯಂಗೆ ಆಗೂದಿಲ್ಲ.”

“ಅವ ಬರ್ತಾನೆ ಅಂತ ಯಾರು ಹೇಳಿದ್ರು?”

“ಬರ್ಲಿ, ಬಿಡ್ಲಿ. ಬದನೆ ಬೇಡ.”

ಇದನ್ನು ಕ್ಷಮೆಯೆಂದು ನಾನು ವಾದಿಸಲಾರೆ. ಚೀಟಿ ನನಗೆ ಪಕ್ಷವನ್ನಷ್ಟೇ ಕೊಟ್ಟಿತ್ತು, ಸುಳ್ಳು ನನ್ನದೇ. ಪತ್ರಿಕೆ ಬಂದ ದಿನ ಮೊದಲ ಪ್ರತಿಯನ್ನು ಕಿಗ್ಗಕ್ಕೆ ನಾನೇ ಒಯ್ಯುತ್ತೇನೆ. ಓದಿ ಅನಂತಯ್ಯ ಏನೆನ್ನುತ್ತಾರೋ, ಎಷ್ಟು ಹೊತ್ತು ಅನ್ನುತ್ತಾರೋ — ಎದುರುತ್ತರ ಕೊಡದೆ ಕೇಳುತ್ತೇನೆ.