ಸೀಮೆಸುಣ್ಣ ತಿಂದ ಮಾಸ್ಟರಮ್ಮ

ಚಿಕ್ಕಮ್ಮನಿಗೆ ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದ ಸಂಜೆ ನಾನು ಸೊಳ್ಳೆ ಬ್ಯಾಟು ಕೊಂಡುತಂದೆ. ಇರುವುದೇ ಅಷ್ಟು, ಅದನ್ನೂ ಸೊಳ್ಳೆಗಳು ಹೀರಿದರೆ ಗತಿಯೇನು? ಮಲಗಿದ್ದವಳ ಸುತ್ತ ಚಟಪಟ ಎನ್ನಿಸುತ್ತ ಕಾವಲು ನಿಂತೆ.

"ಏನೋ ಅದು ಗಲಾಟೆ?"

"ನಿನ್ನ ರಕ್ತ ಉಳಿಸ್ತಿದೀನಿ ಚಿಕ್ಕಮ್ಮ."

"ಮೊದ್ಲು ನಿನ್ನ ತಲೆಯಲ್ಲಿ ಏನಾದ್ರೂ ಉಳಿದಿದ್ಯಾ ನೋಡ್ಕೋ."

ಚಿಕ್ಕಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್, ಅಲ್ಲಿನವರಿಗೆಲ್ಲ ಮಾಸ್ಟರಮ್ಮ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತರಿಸುವ ಯಂತ್ರವನ್ನು ಗೆರೆಯ ಮೇಲೆ ತಳ್ಳಿಕೊಂಡು ಹೋಗುತ್ತಾಳೆ. ತೋಳಿನ ತಿರುವಿನಲ್ಲಿ ಕೈ ಎಳೆಯಷ್ಟು ಅಲುಗಿದರೂ ರಾಶಿಗೆ ರಾಶಿಯೇ ಚಿಂದಿ. ನಿಂತೇ ಮಾಡುವ ಕೆಲಸ; ಆ ಮೇಜಿಗೆ ಸ್ಟೂಲೇ ಇಲ್ಲ. ಅವಳು ಕತ್ತರಿಸಿದ ಅಂಗಿ ತೊಟ್ಟವರು ಬೀದಿಯಲ್ಲಿ ಎದುರಾದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ನಾನೋ, ಪಾರ್ಸೆಲ್ ಆಫೀಸಿನಲ್ಲಿ ಅಂಟುಪಟ್ಟಿಯನ್ನೂ ನೆಟ್ಟಗೆ ಹರಿಯಲಾರದವನು.

ಇಂಥವಳು ಆ ವರ್ಷ ಮೆಟ್ಟಿಲ ನಡುವೆ ನಿಂತು ಗೋಡೆಗೆ ಒರಗತೊಡಗಿದಳು. ಎದೆ ಡವಡವ, ಮುಖ ಬಿಳಿಚು. ಕೇಳಿದರೆ, "ವಯಸ್ಸಾಯ್ತು ಬಿಡೋ." ಅತ್ತ ಕಾರ್ಖಾನೆಯಲ್ಲಿ ಸೀಮೆಸುಣ್ಣ ಮಾಯವಾಗತೊಡಗಿ, ಸೂಪರ್‌ವೈಸರು ಬಟ್ಟೆ ಹಾಸುವ ಹುಡುಗಿಯರನ್ನು ಗದರಿದರು. ಕಳ್ಳಿ ಮಾಸ್ಟರಮ್ಮನೇ. ಗೋಡೆಯ ಕಡೆ ತಿರುಗಿ ಕಲ್ಲುಸಕ್ಕರೆಯಂತೆ ಕಟಕಟ ಕಡಿಯುತ್ತಿದ್ದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಒಂದು ದಿನ ಕೈ ನಡುಗಿ ಯಂತ್ರ ಗೆರೆ ಬಿಟ್ಟು ಓಡಿತು. ಒಂದು ರಾಶಿ ಅಂಗಿ ನೆಲ ಒರೆಸುವ ಬಟ್ಟೆಯಾಯಿತು. "ಸುಧಾರಿಸ್ಕೊಳ್ಳೋವರೆಗೂ ಗುಂಡಿ ಹಚ್ಚೋ ಕಡೆ ಕೂತ್ಕೊಳ್ಳಿ," ಎಂದರು ಸೂಪರ್‌ವೈಸರು. ಮೇಜು ಕೈತಪ್ಪುತ್ತದೆಂದು ಅವಳಿಗೆ ಅರ್ಥವಾಯಿತು. ಆಗಲೇ ಡಾಕ್ಟರ ಬಳಿ ಹೋಗಲು ಒಪ್ಪಿದ್ದು.

ಎರಡನೆಯ ಸಲ ಹೋದಾಗ ನನ್ನ ಬ್ಯಾಟಿನ ಕತೆ ಕೇಳಿ ಡಾಕ್ಟರಮ್ಮ ನಕ್ಕರು. "ರಕ್ತದ ಅಳತೆ ಕಡಿಮೆಯಾಗಿಲ್ಲಪ್ಪ. ಅದರಲ್ಲಿರೋ ಕೆಂಪು ಕಣಗಳು ಸೊರಗಿವೆ. ಮೂಳೆ ಮಜ್ಜೆಯಲ್ಲಿ ಹುಟ್ಟಿ ಸುಮಾರು ನಾಲ್ಕು ತಿಂಗಳು ಬದುಕೋ ಕಣ. ಆಮ್ಲಜನಕ ಹೊತ್ತು ಮೈಗೆಲ್ಲ ಹಂಚೋದೇ ಅದರ ಕೆಲಸ. ಹೊರೋಕೆ ಕಬ್ಬಿಣದ ಅಂಶ ಬೇಕು. ಅದು ಸಾಲದೇ ಹೋದ್ರೆ ಕೆಲವರಿಗೆ ಮಣ್ಣು, ಸುಣ್ಣ ತಿನ್ನೋಣ ಅನ್ಸುತ್ತೆ."

ಚಿಕ್ಕಮ್ಮ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. ಒಳಗೊಂದು ತುಂಡಿತ್ತು.

"ಕಾರಣ ಹಲವು," ಎಂದರು ಡಾಕ್ಟರಮ್ಮ. "ಊಟದಲ್ಲಿ ಕಬ್ಬಿಣ ಸಾಲದಿರಬಹುದು, ಬಿ-12 ಕೊರತೆ ಇರಬಹುದು, ಕರುಳಲ್ಲಿ ಕೊಕ್ಕೆಹುಳು ಇರಬಹುದು, ಹುಟ್ಟಿನಿಂದಲೇ ಕಣದಲ್ಲಿ ದೋಷ ಇರಬಹುದು. ಇಲ್ಲಾ ರಕ್ತ ಎಲ್ಲಾದ್ರೂ ಸೋರಿ ಹೋಗ್ತಿರಬಹುದು. ನಿಮಗೆ ತಿಂಗಳ ಸ್ರಾವ ಹೇಗಿದೆ?"

ನನ್ನನ್ನು ಹೊರಗೆ ಕಳಿಸಿದರು. ಅವಳು ಆಮೇಲೆ ಹೇಳಿದ್ದು: ವರ್ಷಗಳಿಂದ ವಿಪರೀತ ಹೋಗುತ್ತಿತ್ತು, ಹೆಂಗಸರ ಪಾಡೇ ಇಷ್ಟೆಂದು ಸುಮ್ಮನಿದ್ದಳು. ಸ್ಕ್ಯಾನ್ ಮಾಡಿಸಿದರೆ ಗರ್ಭಕೋಶದಲ್ಲಿ ಗಡ್ಡೆ. ತಳ ತೂತಾದ ಹಂಡೆಗೆ ಬರೀ ಮಾತ್ರೆ ಸುರಿದು ಫಲವಿಲ್ಲ. ಮೊದಲು ತೂತು ಮುಚ್ಚಬೇಕು. ಆಪರೇಷನ್ ಆಯಿತು. ಆಮೇಲೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದಳು, ನನ್ನನ್ನು ಬೈಯುತ್ತ. ಬೈಗುಳದಲ್ಲಿ ದಿನದಿಂದ ದಿನಕ್ಕೆ ಕಸುವು ಏರಿತು. ಚೀಲದ ಸೀಮೆಸುಣ್ಣ ಮಾತ್ರ ಕಡಿಸಿಕೊಳ್ಳದೆ ಹಾಗೇ ಉಳಿಯಿತು.

ಅವಳು ಕೆಲಸಕ್ಕೆ ಮರಳಿದ ಬೆಳಿಗ್ಗೆ ಪಾರ್ಸೆಲ್ ಕೊಡುವ ನೆಪದಲ್ಲಿ ನಾನೂ ಹೋದೆ. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು. ಏದುಸಿರು ಬಿಟ್ಟವನು ನಾನು. ಮೇಜಿಗೆ ಅಡ್ಡಲಾಗಿ ಸೂಪರ್‌ವೈಸರು ನಿಂತಿದ್ದರು. ಸುತ್ತ ಗಂಡಸರು, ಹೆಂಗಸರು, ಎಲ್ಲರ ಕಿವಿಯೂ ಇತ್ತಲೇ.

"ಅಲ್ಲಮ್ಮ, ಅಂಥದ್ದೇನಾಗಿತ್ತು ನಿಮಗೆ? ಯಾರನ್ನ ಕೇಳಿದ್ರೂ ಬಾಯೇ ಬಿಡಲ್ವಲ್ಲ?"

ಹುಡುಗಿಯರು ತಲೆ ತಗ್ಗಿಸಿದರು. ನಾನಂತೂ ಕೈಯಲ್ಲಿದ್ದ ಪಾರ್ಸೆಲ್ಲಿನ ವಿಳಾಸವನ್ನು ಬಾಯಿಪಾಠ ಮಾಡತೊಡಗಿದೆ. ಚಿಕ್ಕಮ್ಮ ಚೀಲದಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟಳು.

"ಮುಟ್ಟಲ್ಲಿ ರಕ್ತ ವಿಪರೀತ ಹೋಗ್ತಿತ್ತು. ಗಡ್ಡೆ ತೆಗೆಸಿದೆ, ನಿಂತಿದೆ. ಸುಣ್ಣ ತಿಂದಿದ್ದು ನಾನು, ಈ ಹುಡುಗೀರಲ್ಲ. ಈಗ ಆಚೆ ಸರೀರಿ, ಬಟ್ಟೆ ಹಾಸ್ಬೇಕು."