ಜುಮ್ಮಾ ಹೊತ್ತಿನಲ್ಲಿ ನಮ್ಮ ಪ್ರಾರ್ಥನೆ

ಕಣ್ಣು ತೆರೆದುಕೊಂಡು ಪ್ರಾರ್ಥಿಸುವುದನ್ನು ನಾನು ಕಲಿತದ್ದು ರಿಯಾದಿನಲ್ಲಿ. ಹೆಮ್ಮೆಯಿಂದ ಹೇಳುತ್ತಿಲ್ಲ, ಅದು ಹೆದರಿಕೆ ಕಲಿಸಿದ ವಿದ್ಯೆ. ಉಡುಪಿಯ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ಕಣ್ಣು ಮುಚ್ಚದಿದ್ದರೆ ಅಮ್ಮ ತಲೆಗೆ ಮೊಟಕುತ್ತಿದ್ದರು. ತಾವೇ ಕಣ್ಣು ಮುಚ್ಚಿಕೊಂಡಿದ್ದ ಅಮ್ಮನಿಗೆ ನಾನು ಕಣ್ಣು ಬಿಟ್ಟದ್ದು ಹೇಗೆ ತಿಳಿಯುತ್ತಿತ್ತು ಎಂಬ ದೈವಶಾಸ್ತ್ರದ ಪ್ರಶ್ನೆಗೆ ನನಗೆ ಈವರೆಗೂ ಉತ್ತರ ಸಿಕ್ಕಿಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನು ಅಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಆ ದೇಶದಲ್ಲಿ ಚರ್ಚ್ ಇಲ್ಲ, ನಾಲ್ಕು ಜನ ಕೂಡಿ ಪ್ರಾರ್ಥಿಸಿದರೆ ಹಿಡಿದು ಊರಿಗೆ ಕಳಿಸುತ್ತಾರೆ ಎಂದು ವಿಮಾನ ಹತ್ತುವ ಮೊದಲೇ ಎಲ್ಲರೂ ಎಚ್ಚರಿಸಿದ್ದರು. ಒಬ್ಬನೇ ಮನಸ್ಸಿನೊಳಗೆ ಬೇಡಿಕೊಂಡರೆ ಯಾರೂ ಕೇಳುವವರಿರಲಿಲ್ಲ. ಆದರೆ ಹೆದರುವವನು ಕಾನೂನನ್ನು ತಾನೇ ಇನ್ನೂ ನಾಲ್ಕು ಮೊಳ ಉದ್ದ ಮಾಡಿಕೊಳ್ಳುತ್ತಾನೆ. ನಾನು ಪೆನ್ಸಿಲ್ ಕೆತ್ತುತ್ತಾ ಪ್ರಾರ್ಥಿಸುತ್ತಿದ್ದೆ, ಕಂಪನಿ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಪ್ರಾರ್ಥಿಸುತ್ತಿದ್ದೆ. ತುಟಿ ಮಾತ್ರ ಹಳೆಯ ಅಭ್ಯಾಸ ಬಿಡಲೊಲ್ಲದು. ಪಕ್ಕದ ಮೇಜಿನ ಈಜಿಪ್ಟಿನ ಇಂಜಿನಿಯರ್ ಒಮ್ಮೆ, ಯಾರನ್ನು ಬೈಯುತ್ತಿದ್ದೀ ಎಂದು ಕೇಳಿದ. ಮ್ಯಾನೇಜರನ್ನು ಎಂದೆ. ಅವನಿಗೆ ನನ್ನ ಮೇಲೆ ಒಮ್ಮೆಗೇ ಗೌರವ ಬಂತು.

ಕೂಡಿ ಪ್ರಾರ್ಥಿಸಲು ನನಗಿದ್ದದ್ದು ಒಂದೇ ಮನೆ. ನನ್ನ ದೊಡ್ಡಪ್ಪನ ಮಗಳು ಗ್ರೇಸಿ ಅಕ್ಕ ಅಲ್ಲಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್. ಅವಳ ಗಂಡ ವಿಲ್ಫ್ರೆಡ್ ಬಾವ ವಾಹನಗಳ ಬಿಡಿಭಾಗಗಳ ಅಂಗಡಿಯಲ್ಲಿ ಸ್ಟೋರ್ ಕೀಪರ್. ಶುಕ್ರವಾರ ಅವರ ಫ್ಲ್ಯಾಟಿನಲ್ಲಿ ಐದಾರು ಜನ ಸೇರುತ್ತಿದ್ದೆವು. ಸಮಯ ಗೊತ್ತುಮಾಡಿದವರು ಬಾವ: ಸರಿಯಾಗಿ ಜುಮ್ಮಾ ನಮಾಜಿನ ಹೊತ್ತು. ಆ ಹೊತ್ತಿಗೆ ಕಟ್ಟಡದ ಗಂಡಸರೆಲ್ಲ ಮಸೀದಿಯಲ್ಲಿರುತ್ತಾರೆ, ಅಂಗಡಿ ಮುಚ್ಚಿರುತ್ತದೆ, ರಸ್ತೆ ಖಾಲಿ. ಊರೆಲ್ಲ ಪ್ರಾರ್ಥಿಸುವಾಗ ನಾವೂ ಪ್ರಾರ್ಥಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವರ ಲೆಕ್ಕ. ಇಷ್ಟಾದರೂ ಧೈರ್ಯ ಸಾಲದೆ ನಡುವೆ ಒಂದು ಕೇರಂ ಬೋರ್ಡ್ ಇಡುತ್ತಿದ್ದರು. ಕಾಯಿಗಳು ಅರ್ಧ ಆಟದಂತೆ ಚದುರಿರಬೇಕು. ಅದರ ಸುತ್ತ ತಲೆ ತಗ್ಗಿಸಿ, ಪೌಡರಿನ ವಾಸನೆಯಲ್ಲಿ ನಾವು ಮೆಲುದನಿಯಲ್ಲಿ ಹಾಡಿ ದೇವರನ್ನು ಸ್ತುತಿಸುತ್ತಿದ್ದೆವು.

ಬೇಡಿಕೆಗಳೆಲ್ಲ ಮುಗಿದ ಮೇಲೆ ಬಾವ ನಮ್ಮನ್ನು ಸುಮ್ಮನೆ ಕೂರಿಸುತ್ತಿದ್ದರು. ಕನ್ನಡದಲ್ಲಿ ಬೇಡುವುದಕ್ಕೂ ಆಲಿಸುವುದಕ್ಕೂ ಕೇಳುವುದು ಎಂಬ ಒಂದೇ ಮಾತಿದೆ, ನಾವು ಮೊದಲನೆಯದನ್ನಷ್ಟೇ ಮಾಡಿ ಊಟಕ್ಕೆ ಏಳುತ್ತೇವೆ ಎಂದು ಅವರ ಆಕ್ಷೇಪ. ಮಾತು ಚೆನ್ನಾಗಿತ್ತು. ಆದರೆ ದೇವರ ದನಿಗೆಂದು ಕಿವಿ ನೆಟ್ಟರೆ ನನಗೆ ಕೇಳುತ್ತಿದ್ದದ್ದು ಲಿಫ್ಟಿನ ಗುರುಗುರು, ಮೆಟ್ಟಿಲ ಮೇಲಿನ ಚಪ್ಪಲಿ. ಸಂತರು ವರ್ಷಗಟ್ಟಲೆ ಸಾಧನೆ ಮಾಡಿ ಪಡೆಯುವ ಏಕಾಗ್ರತೆ ನನಗೆ ಒಂದೇ ವಾರದಲ್ಲಿ ಸಿದ್ಧಿಸಿತ್ತು, ಬಾಗಿಲಿನ ಕಡೆಗೆ.

ಹಾಗೆ ಮೌನವಾಗಿ ಕೂತಿದ್ದ ಒಂದು ಶುಕ್ರವಾರ ಬಾಗಿಲು ಬಡಿಯಿತು.

ಗಂಟೆ ಒತ್ತಿದ್ದಲ್ಲ, ಅಂಗೈಯಿಂದ ಬಡಿದದ್ದು. ಮಸೀದಿಯ ಧ್ವನಿವರ್ಧಕದಲ್ಲಿ ಪ್ರವಚನ ಇನ್ನೂ ನಡೆಯುತ್ತಿತ್ತು. ಮಸೀದಿಯಲ್ಲಿರದೆ ಆ ಹೊತ್ತಿನಲ್ಲಿ ತಿರುಗಾಡುವವರು ಯಾರೆಂದು ನಾವು ಒಬ್ಬರನ್ನೊಬ್ಬರು ಕೇಳಬೇಕಾಗಿರಲಿಲ್ಲ. ಎಲ್ಲರ ತಲೆಗೂ ಒಂದೇ ಬಂತು: ಧಾರ್ಮಿಕ ಪೊಲೀಸರು. ಅಕ್ಕನ ಕೈಯಲ್ಲಿದ್ದ ವೇದಪುಸ್ತಕ ಅಕ್ಕಿಯ ಡಬ್ಬಕ್ಕೆ ಹೋಯಿತು. ಹಾಡಿನ ಪುಸ್ತಕವನ್ನು ನಾನು ಅಂಗಿಯೊಳಗೆ ತುರುಕಿಕೊಂಡೆ. ಬಾವ ಸ್ಟ್ರೈಕರ್ ಹೊಡೆದರು. ಅದು ಯಾವ ಕಾಯಿಗೂ ತಾಗದೆ ನೇರ ಕುಳಿಗೆ ಬಿತ್ತು. ದೇವರೇ, ಇವರು ಹಾಗೇ ಹೋಗಿಬಿಡಲಿ ಎಂದು ಬೇಡಿಕೊಂಡೆ. ಬಾಗಿಲು ಮತ್ತೆ ಬಡಿಯಿತು. ಬಾವ ತೆರೆಯಬೇಡ ಎಂದು ಸನ್ನೆ ಮಾಡಿದರು. ಆದರೆ ಅಕ್ಕ ತಲೆ ಓರೆ ಮಾಡಿ ಆಲಿಸಿ, ಅದು ಹೆಂಗಸಿನ ಕೈ ಎಂದು ಪಿಸುಗುಟ್ಟಿ, ನಾವು ತಡೆಯುವ ಮೊದಲೇ ಚಿಲಕ ತೆಗೆದಳು.

ಹೊರಗೆ ಅಬಾಯಾ ಅರ್ಧಂಬರ್ಧ ಸುತ್ತಿಕೊಂಡ ಒಬ್ಬ ಹೆಂಗಸು. ತೋಳಿನಲ್ಲಿ ಎರಡು ವರ್ಷದ ಮಗು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿವೆ, ಕೈಕಾಲು ಸೆಟೆದು ಅದುರುತ್ತಿವೆ. ಕೆಳಗಿನ ಮನೆಯ ಫಾತಿಮಾ. ಅವಳ ಗಂಡ ಭಟ್ಕಳದ ಅಬ್ದುಲ್ ರೆಹಮಾನ್ ಸಾಹೇಬರು ಬಟ್ಟೆ ಅಂಗಡಿ ಇಟ್ಟಿದ್ದರು, ಲಿಫ್ಟಿನಲ್ಲಿ ಸಿಕ್ಕರೆ ತಲೆಯಾಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನ ಪರಿಚಯಕ್ಕೆ ಬಾವ ಅವಕಾಶ ಕೊಟ್ಟಿರಲಿಲ್ಲ.

"ಅಕ್ಕ, ಇವರು ನಮಾಜಿಗೆ ಹೋಗಿದ್ದಾರೆ. ನನಗೆ ಎಂತ ಮಾಡುದಂತ ಗೊತ್ತಾಗ್ತಿಲ್ಲ," ಎಂದಳು. "ನೀವು ಮನೇಲಿದ್ದೀರಂತ ಗೊತ್ತಿತ್ತು. ಹಾಡು ಕೇಳ್ತಿತ್ತಲ್ಲ."

ಮಗುವಿನ ಸ್ಥಿತಿ ಕಂಡು ಹೆದರಬೇಕೋ ಆ ಕೊನೆಯ ಮಾತಿಗೆ ಹೆದರಬೇಕೋ ತಿಳಿಯದೆ ನಾನು ಎರಡಕ್ಕೂ ಹೆದರಿದೆ.

ಅಕ್ಕ ಕೇರಂ ಬೋರ್ಡನ್ನು ಕಾಯಿಗಳ ಸಮೇತ ಬದಿಗೆ ತಳ್ಳಿ ಮಗುವನ್ನು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿದಳು. ಮೈ ಕಾದ ಹೆಂಚು. ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸುತ್ತಾ, ಜ್ವರ ತಲೆಗೇರಿ ಬಂದ ಸೆಟೆತ, ನಿಲ್ಲುತ್ತದೆ ಎಂದು ತಾಯಿಗೆ ಸಮಾಧಾನ ಹೇಳಿದಳು. ನಿಂತಿತು. ಮತ್ತೆ ಶುರುವಾಯಿತು. ಆಗ ಅಕ್ಕ ತಲೆ ಎತ್ತದೆಯೇ, ಕಾರು ತೆಗೆಯಿರಿ ಎಂದಳು.

ಬಾವ ಅಲ್ಲಾಡಲಿಲ್ಲ. ಅವರ ಭಯ ಸುಳ್ಳೇನೂ ಅಲ್ಲ. ಪರರ ಹೆಂಡತಿಯನ್ನು, ಅದೂ ಮುಸ್ಲಿಂ ಹೆಂಗಸನ್ನು, ಗಂಡನಿಲ್ಲದೆ ಕಾರಿನಲ್ಲಿ ಕೂರಿಸಿಕೊಂಡು ಸಿಕ್ಕಿಬಿದ್ದರೆ ಕೂಡಿ ಪ್ರಾರ್ಥಿಸಿದ್ದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು. ಸಾಹೇಬರು ಬರುವವರೆಗೆ ಕಾಯಬಹುದಲ್ಲ ಎಂದರು.

"ಮಗು ಕಾಯುದಿಲ್ಲ," ಎಂದಳು ಅಕ್ಕ.

ಬಾವ ಕೀಲಿಕೈ ತೆಗೆದುಕೊಂಡರು. ಹೆಂಗಸರು ಹಿಂದೆ, ನಾನು ಮುಂದೆ. ನಾನೇಕೆ ಹತ್ತಿದೆನೋ ಗೊತ್ತಿಲ್ಲ. ಫ್ಲ್ಯಾಟಿನಲ್ಲಿ ಉಳಿಯುವುದಕ್ಕೂ ಭಯವಾಗಿತ್ತು ಎಂಬುದೇ ನಿಜವಿರಬೇಕು. ಬೀದಿಯಲ್ಲಿ ನಮ್ಮದೊಂದೇ ಕಾರು. ಎರಡನೇ ತಿರುವಿನಲ್ಲಿ ಪೊಲೀಸ್ ವಾಹನವೊಂದು ಅಡ್ಡ ಬಂದು ನಿಂತಿತು.

ಇನ್ನೂ ಮೀಸೆ ಸರಿಯಾಗಿ ಮೂಡದ ಪೊಲೀಸ್. ಇಕಾಮಾ ಎಂದ. ವಾಸದ ಪರವಾನಗಿಯ ಆ ಪುಸ್ತಿಕೆ ಮುಸ್ಲಿಮರಿಗೆ ಹಸಿರು, ನಮಗೆ ಕಂದು. ಎರಡು ಕಂದು ಪುಸ್ತಿಕೆಗಳನ್ನು ತಿರುವಿ, ಹಿಂದೆ ಅಬಾಯಾದಲ್ಲಿದ್ದ ಫಾತಿಮಾಳ ಕಡೆ ನೋಡಿ, ಈಕೆ ಯಾರು ಎಂದು ಕೇಳಿದ. ಹನ್ನೆರಡು ವರ್ಷ ಅರಬ್ಬಿಯಲ್ಲಿ ವ್ಯಾಪಾರ ಮಾಡಿದ ಬಾವನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಹಿಂದಿನಿಂದ ಅಕ್ಕ, "ಜಾರಾ, ಜಾರಾ," ಎಂದಳು.

ನನ್ನ ಜೀವ ಹಾರಿಹೋಯಿತು. ಅರಬ್ಬಿಯಲ್ಲಿ ಆ ಮಾತಿಗೆ ನೆರೆಮನೆಯವಳು ಎಂದರ್ಥವೆಂದು ನನಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ನನಗೆ ಗೊತ್ತಿದ್ದದ್ದು ಕನ್ನಡ ಮಾತ್ರ. ಜಾರ, ಜಾರಿಣಿ ಎಂದು ನಮ್ಮ ಹಳೆಯ ಕಾವ್ಯಗಳು ಯಾವ ತಪ್ಪಿಗೆ ಕರೆಯುತ್ತವೋ, ಅದೇ ಆರೋಪಕ್ಕೆ ನಾವು ಹೆದರಿ ಸಾಯುತ್ತಿರುವಾಗ ಅಕ್ಕ ತಾನಾಗಿಯೇ ಒಪ್ಪಿಕೊಳ್ಳುತ್ತಿದ್ದಾಳೆ ಎನಿಸಿತು. ಕಣ್ಣು ಮುಚ್ಚಲೂ ಧೈರ್ಯವಾಗದೆ ಪೊಲೀಸನ ಮುಖವನ್ನೇ ನೋಡುತ್ತಾ ಕೂತೆ. ಅವನು ಕಿಟಕಿಯೊಳಗೆ ಬಗ್ಗಿದ. ಅಕ್ಕ ಮಗುವನ್ನು ಅವನಿಗೆ ಕಾಣುವಂತೆ ಎತ್ತಿ ಹಿಡಿದಳು. ಅವನ ಮುಖ ಬದಲಾಯಿತು. ಇಕಾಮಾಗಳನ್ನು ನನ್ನ ಮಡಿಲಿಗೆ ಎಸೆದು, "ಯಲ್ಲಾ, ಯಲ್ಲಾ," ಬೇಗ ನಡೆಯಿರಿ ಎನ್ನುತ್ತಾ ತನ್ನ ವಾಹನಕ್ಕೆ ಓಡಿದ. ಆಸ್ಪತ್ರೆಯ ಬಾಗಿಲಿನವರೆಗೂ ಸೈರನ್ ಹಾಕಿಕೊಂಡು ನಮ್ಮ ಮುಂದೆ ಹೋದ. ಪೊಲೀಸನ ಹಿಂದೆ ಹೋಗುತ್ತಿದ್ದೇವೋ ಪೊಲೀಸ್ ಹಿಡಿದುಕೊಂಡು ಹೋಗುತ್ತಿದ್ದಾನೋ ಎಂಬ ಅನುಮಾನ ಬಾವನಿಗೆ ಕೊನೆಯವರೆಗೂ ಇತ್ತಂತೆ.

ಮಗು ಉಳಿಯಿತು. ಕಿವಿಯೊಳಗೆ ಕೀವಾಗಿ ಬಂದ ಜ್ವರವಂತೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದು ಎದ್ದು ಅತ್ತಿತು. ಅಷ್ಟು ಇಂಪಾದ ಅಳು ನಾನು ಕೇಳಿಲ್ಲ.

ಸಂಜೆ ಸಾಹೇಬರು ಮೇಲೆ ಬಂದರು. ಹಾಡಿನ ವಿಷಯ ತೆಗೆಯುತ್ತಾರೋ, ಹೆಂಡತಿಯನ್ನು ಕಾರಿನಲ್ಲಿ ಕರೆದೊಯ್ದದ್ದನ್ನು ತೆಗೆಯುತ್ತಾರೋ ಎಂದು ನಾವು ಎದ್ದು ನಿಂತೆವು. ಅವರು ಕೂರಲಿಲ್ಲ. ಬಾವನ ಎರಡೂ ಕೈ ಹಿಡಿದುಕೊಂಡರು. ಹೊರಡುವಾಗ ಬಾಗಿಲಲ್ಲಿ ತಿರುಗಿ, ದನಿ ತಗ್ಗಿಸಿ ಹೇಳಿದರು:

"ನಿಮ್ಮ ಬಾತ್‌ರೂಮಿನ ಕಿಟಕಿ ಹಾಕಿಕೊಳ್ಳಿ ಮಾರಾಯ್ರೆ. ನಮಗೆ ಒಂದು ವರ್ಷದಿಂದ ಕೇಳ್ತಾ ಉಂಟು, ಅದಕ್ಕೆ ಎಂತ ಇಲ್ಲ. ಈಗ ಮೂರನೇ ಮಾಳಿಗೆಗೆ ಹೊಸಬರು ಬಂದಿದ್ದಾರೆ."

ಅವರು ಹೋದ ಮೇಲೆ ಬಾವ ಮೊದಲು ಮಾಡಿದ ಕೆಲಸ ಆ ಕಿಟಕಿ ಹಾಕಿದ್ದು. ಅಕ್ಕ ಅಕ್ಕಿಯ ಡಬ್ಬದಿಂದ ಪುಸ್ತಕ ತೆಗೆದು ಹುಡಿ ಕೊಡವುತ್ತಾ, ಮಗುವಿಗೆ ಮೂರು ದಿನದಿಂದ ಜ್ವರವಿತ್ತಂತೆ, ರಾತ್ರಿಯೆಲ್ಲ ಅಳುತ್ತಿತ್ತಂತೆ ಎಂದಳು. ಅದೇ ಕಿಟಕಿಯಿಂದ ನಮ್ಮ ಹಾಡು ಅವರಿಗೆ ವರ್ಷವಿಡೀ ಕೇಳಿತ್ತು; ಅವರ ಮಗುವಿನ ಅಳು ಒಂದು ದಿನವೂ ನಮಗೆ ಕೇಳಿರಲಿಲ್ಲ. ಶುಕ್ರವಾರ ಶುಕ್ರವಾರ ಸುಮ್ಮನೆ ಕೂತು ಆಲಿಸುವ ಸಾಧನೆ ಮಾಡಿದವರು ನಾವು.

ಇದರಿಂದ ನನ್ನ ಹೆದರಿಕೆ ಹೋಯಿತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಹೋಗಲಿಲ್ಲ. ಆ ದೇಶದಲ್ಲಿದ್ದಷ್ಟು ದಿನವೂ ಬಾಗಿಲು ಬಡಿದಾಗಲೆಲ್ಲ ಬೆಚ್ಚಿಬಿದ್ದಿದ್ದೇನೆ. ಬದಲಾದದ್ದು ಪ್ರಾರ್ಥನೆಯ ಒಂದು ಸಾಲು. ಇವರು ಹಾಗೇ ಹೋಗಿಬಿಡಲಿ ಎನ್ನುತ್ತಿದ್ದವನು, ದೇವರೇ, ಯಾರಿಗೆ ಏನಾಗಿದೆಯೋ ಎನ್ನತೊಡಗಿದೆ. ಎದೆ ಮಾತ್ರ ಎರಡು ಪ್ರಾರ್ಥನೆಗೂ ಅಷ್ಟೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಆದರೆ ಕಾಲು ಈಗ ಬಾಗಿಲ ಕಡೆಗೆ ಹೋಗುತ್ತಿತ್ತು.