ಬಾಗಿಲು ತಟ್ಟಿ ಕಾರು ತೆರೆಯುವ ನೋಣಯ್ಯಣ್ಣ

ನೋಣಯ್ಯಣ್ಣ ಕಾರಿನ ಬಾಗಿಲನ್ನು ತಟ್ಟಿಯೇ ತೆರೆಯುವುದು. ಎಲ್ಲ ಕಾರಿಗೂ ಅಲ್ಲ, ಯಜಮಾನ ತೀರಿಹೋದ ಕಾರಿಗೆ ಮಾತ್ರ. ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಿ, ಸ್ವಲ್ಪ ಕಾದು, ಆಮೇಲೆ ಹಿಡಿಗೆ ಕೈ ಹಾಕುತ್ತಾರೆ. ಮೊದಲ ಸಲ ಇದನ್ನು ನೋಡಿದಾಗ ನನ್ನ ಮೈಯೆಲ್ಲ ಜುಂ ಎಂದಿತು, ಮತ್ತು ಖುಷಿಯೂ ಆಯಿತು, ಏಕೆಂದರೆ ನಮ್ಮ ಮನೆಯಲ್ಲಿಯೂ ಹೀಗೆಯೇ ಅಲ್ಲವೇ! ತೀರಿಹೋದವರಿಗೆ ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ, ಎಲ್ಲರೂ ಹೊರಗೆ ಬಂದು ನಿಲ್ಲುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಉಣ್ಣುತ್ತಿರುವವರಿಗೆ ಎದ್ದು ಹೋಗಲು ಸಮಯ ಬೇಕಲ್ಲ. ಆದರೆ ಕಾರಿಗೆ?

ಬೋಳಾರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯ ಕೊನೆಯಲ್ಲಿ ಅವರ ಗ್ಯಾರೇಜು. ಬೋರ್ಡಿಲ್ಲ, ಒಂದು ಶಟರ್, ಒಂದು ಬೆಂಚು, ಅಷ್ಟೆ. ಅವರಿಗೆ ಅರವತ್ತೇಳು ವರ್ಷ. ಕುವೈತಿನಲ್ಲಿ ಹನ್ನೊಂದು ವರ್ಷ ಆಟೋಮೆಟಿಕ್ ಕಾರುಗಳ ಗೇರ್‌ಬಾಕ್ಸನ್ನೇ ಬಿಚ್ಚಿ ಜೋಡಿಸಿ ಊರಿಗೆ ಬಂದರೆ, ಇಲ್ಲಿ ಯಾರ ಬಳಿಯೂ ಅಂಥ ಕಾರಿಲ್ಲ. ಕ್ಲಚ್ ಇಲ್ಲದೆ ಎಡಗಾಲಿಗೆ ಕೆಲಸವೇ ಇಲ್ಲದ ಅಂಥ ಕಾರನ್ನು ಊರಿನಲ್ಲಿ ಮೊದಲು ತಂದವರಲ್ಲಿ ನನ್ನ ಚಿತ್ತರಂಜನ ಮಾವ ಒಬ್ಬರು. ಅಲ್ಲಿಂದ ಇಪ್ಪತ್ತು ವರ್ಷ ಆ ಕಾರನ್ನು ನೋಣಯ್ಯಣ್ಣನಲ್ಲದೆ ಬೇರೆ ಮೆಕ್ಯಾನಿಕ್ ಮುಟ್ಟಿಲ್ಲ. ಗೇರ್ ಎಣ್ಣೆ ನೋಡುವುದನ್ನು ಮಾವನಿಗೆ ಕಲಿಸಿದ್ದೂ ಅವರೇ. ಮಾವ ಪ್ರತಿ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ತೋರಿಸುವ ಉದ್ದ ಕಡ್ಡಿ ಎಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡಿ, ಕಡಿಮೆ ಇದ್ದರೆ ಉದ್ದ ಮೂತಿಯ ಆಲಿಕೆಯಿಂದ ಆ ಕಡ್ಡಿಯ ಕೊಳವೆಗೇ ಒಂದಿಷ್ಟು ಕೆಂಪು ಎಣ್ಣೆ ಹಾಕುತ್ತಿದ್ದರು. ಆಮೇಲೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಕಲೆ ಹೊರಗೆ ಕಾಣುವಂತೆ ಬಾನೆಟ್ ಮೇಲೆ ಇಡುತ್ತಿದ್ದರು.

ಮಾವ ಅಕ್ಟೋಬರ್ ಮೊದಲ ವಾರ ತೀರಿಕೊಂಡರು.

ನವೆಂಬರಿನಲ್ಲಿ ಕಾರು ಗ್ಯಾರೇಜಿಗೆ ಹೋದಾಗ ಎಣ್ಣೆ ಕಡ್ಡಿಯ ಗೆರೆಗಿಂತ ತುಸು ಮೇಲಿತ್ತು. ಡಿಸೆಂಬರಿನಲ್ಲಿ ಇನ್ನೂ ಮೇಲೆ. ನೋಣಯ್ಯಣ್ಣ ಗೋಡೆಯ ಮೇಲೆ ಕಡ್ಡಿಯ ಚಿತ್ರ ಬರೆದು ಪ್ರತಿ ಸಲದ ಮಟ್ಟವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದರು. ಎಣ್ಣೆ ಇಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಯಾರೂ ಹಾಕದೆ ಏರುವುದು ಹೇಗೆ?

ಜನವರಿಯ ಸಂಕ್ರಾಂತಿ ಕಳೆದು ಬಂದ ಶನಿವಾರ, ಮಟಮಟ ಮಧ್ಯಾಹ್ನ, ನಾವು ಮೂವರು ಕಾರು ತೆಗೆದುಕೊಂಡು ಹೋದೆವು: ನಾನು, ಮಾವನ ಮಗ ಅಕ್ಷಿತ್, ಅವನ ಅಮ್ಮ ಗುಣವತಿ ಅತ್ತೆ. ಅತ್ತೆಗೆ ಆ ಕಾರನ್ನು ಒಬ್ಬರ ಕೈಗೇ ಬಿಡಲು ಮನಸ್ಸಿಲ್ಲ. ದಾರಿಯ ಏರಿನಲ್ಲಿ ಇಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ, ಆಮೇಲೆ ಯಾರೋ ಹಿಂದಿನಿಂದ ದೂಡಿದ ಹಾಗೆ ಒಮ್ಮೆಲೇ ಜಿಗಿಯುತ್ತದೆ. ನಾನು ಹಿಂದೆ ತಿರುಗಿ ನೋಡಿದೆ, ನಿಜವಾಗಿಯೂ ನೋಡಿದೆ. ರಸ್ತೆ ಖಾಲಿ.

ನೋಣಯ್ಯಣ್ಣ ಚಕ್ರಕ್ಕೆ ಕಲ್ಲು ಕೊಟ್ಟರು. ಇಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿಕೊಂಡು ಗೇರಿನ ಹಿಡಿಯನ್ನು ಒಂದೊಂದೇ ಗೇರಿಗೆ ಇಳಿಸಿ ಮತ್ತೆ ಕಾರು ನಿಲ್ಲಿಸುವ 'ಪಾರ್ಕ್' ಗೇರಿಗೆ ತಂದು ಕೆಳಗಿಳಿದರು. ಬಾಗಿಲು ಹಾಕಿದರು.

"ಹೊರಗೆ ಬನ್ನಿ ಎಲ್ಲ. ಹತ್ತು ನಿಮಿಷ ಬಿಸಿಯಾಗಲಿ."

"ಇಲ್ಲಿಯೇ ನಿಂತರೆ ಎಂತ ಆಗ್ತದೆ ನೋಣಯ್ಯಣ್ಣ?" ಎಂದ ಅಕ್ಷಿತ್.

"ಎಂತವೂ ಆಗುವುದಿಲ್ಲ. ಅದಕ್ಕೇ ಬಾ ಅಂತ ಹೇಳುವುದು ಮಾರಾಯ."

ನಾವು ಓಣಿಯಲ್ಲಿ ಬೆನ್ನು ತಿರುಗಿಸಿ ನಿಂತೆವು. ಬಿಸಿಲು, ಹೊಳೆಯ ಕೆಸರಿನ ವಾಸನೆ, ಒಳಗೆ ಖಾಲಿ ಕಾರಿನ ಗುರ್ ಗುರ್. ನಡುವೆ ಒಂದು ಸಲ ಆ ಸದ್ದು ತಗ್ಗಿ ಮತ್ತೆ ಏರಿತು, ಯಾರೋ ಮೆಲ್ಲ ಕಾಲು ಇಟ್ಟು ತೆಗೆದ ಹಾಗೆ. ಅತ್ತೆ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಮಾವ ಕೋಣೆಗೆ ಬಂದಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು.

ಹತ್ತು ನಿಮಿಷ ಆದ ಮೇಲೆ ನೋಣಯ್ಯಣ್ಣ ಹೋಗಿ ಬಾಗಿಲನ್ನು ಮೂರು ಸಲ ತಟ್ಟಿದರು, ಬಾನೆಟ್ ಎತ್ತಿದರು, ಕಡ್ಡಿ ಎಳೆದು ಒರೆಸಿ ಇಳಿಸಿ ಮತ್ತೆ ಎಳೆದರು. ಸರಿಯಾದ ಎಣ್ಣೆಯ ಬಣ್ಣ ಕೋಕಮ್ ಶರಬತ್ತಿನ ಹಾಗೆ ಇರಬೇಕು, ತೆಳು ಕೆಂಪು. ಕಡ್ಡಿಗೆ ಹತ್ತಿದ್ದು ಸ್ಟ್ರಾಬೆರಿ ಹಾಲಿನ ಹಾಗಿತ್ತು, ಮೇಲೆ ಸಣ್ಣ ಸಣ್ಣ ಗುಳ್ಳೆ. ಗುಳ್ಳೆಗಳು ನಮ್ಮ ಕಣ್ಣೆದುರೇ ಒಡೆಯುತ್ತಿದ್ದವು.

"ನೀರು ಸೇರಿದೆ. ಆದರೆ ನೀರು ಸೋರಬಹುದಾದ ರೇಡಿಯೇಟರ್ ಸರಿ ಉಂಟು, ಕಳೆದ ಸಲವೇ ನೋಡಿದ್ದೇನೆ" ಎಂದರು ಅವರು, ಬಹಳ ಮೆಲ್ಲಗೆ.

ಅಕ್ಷಿತ್ ಶೆಲ್ಫಿನ ಕಡೆ ಕೈ ತೋರಿಸಿದ. ಅಲ್ಲಿ ಎರಡು ಕ್ಯಾನು ಪಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ಗೇರ್ ಎಣ್ಣೆ, ಇನ್ನೊಂದರಲ್ಲಿ ರೇಡಿಯೇಟರಿಗೆ ಹಾಕುವ ಕೂಲೆಂಟ್. ಎರಡೂ ಕೆಂಪು.

"ಬೇಜಾರು ಮಾಡಬೇಡಿ. ನಿಮ್ಮ ಎಡಗಣ್ಣಿಗೆ ಪೊರೆ ಬಂದಿದೆ. ಅಪ್ಪ ತೀರಿದ ಮೇಲೆ ಈ ಕಾರಿನ ಕಡ್ಡಿ ಮುಟ್ಟಿದ್ದು ನೀವೊಬ್ಬರೇ. ಎಣ್ಣೆ ಅಂತ ಕೂಲೆಂಟ್ ಹಾಕಿದ್ದೀರಾ?"

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಎರಡೂ ಕ್ಯಾನು ಇಳಿಸಿ ಬೆಳಕಿಗೆ ಹಿಡಿದು ನೋಡಿದರು.

"ನಾನೂ ಅದನ್ನೇ ಆಲೋಚನೆ ಮಾಡ್ತಾ ಇದ್ದೇನೆ, ಎರಡು ತಿಂಗಳಿನಿಂದ. ತಪ್ಪು ನನ್ನ ಕೈಯದ್ದು ಅಂತಾದರೆ ನಾನು ಇವತ್ತೇ ಶಟರ್ ಎಳೀತೇನೆ ಅಕ್ಷಿತ್. ಮತ್ತೆ ತೆಗೆಯುವುದಿಲ್ಲ. ಕೈ ಸುಳ್ಳು ಹೇಳಿದ ಮೇಲೆ ಗ್ಯಾರೇಜು ಯಾಕೆ?"

ಆಮೇಲೆ ಕಡ್ಡಿಯನ್ನು ನನ್ನ ಮುಂದೆ ಹಿಡಿದರು. "ಬಾಲೆ, ಕಣ್ಣು ಹೋದರೂ ನನ್ನ ಮೂಗು ಉಂಟು. ಆದರೆ ಇದು ಕೂಲೆಂಟ್ ಅಲ್ಲ ಅಂತ ಅದು ಹೇಳಿದರೆ ನಾನು ನಂಬಲೋ ಬೇಡವೋ ಗೊತ್ತಾಗುವುದಿಲ್ಲ. ನೀನು ಮೂಸಿ ನೋಡು."

ಮೂಗು ಹತ್ತಿರ ತಂದೆ. ಎಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದಿತ್ತು, ಸಿಹಿ, ಸ್ವಲ್ಪ ಹುಳಿ. ನನಗೆ ಅದು ಗೊತ್ತು. ಎಲ್ಲಿಂದ ಗೊತ್ತು ಎಂದು ಹೊಳೆದ ಕೂಡಲೇ ಕಡ್ಡಿಯಿಂದ ಹಿಂದೆ ಸರಿದೆ.

"ಇದು ಮಾವನ ಕೋಣೆಯ ವಾಸನೆ!" ಎಂದೆ. "ಕೊನೆಯ ತಿಂಗಳು, ಮಂಚದ ಬಳಿ ಇರ್ತಿತ್ತಲ್ಲ..."

"ಬೊಂಡದ ನೀರು" ಎಂದರು ಅತ್ತೆ, ಬೆಂಚಿನಿಂದ. "ಸ್ಟೀಲಿನ ಲೋಟದಲ್ಲಿ. ಅವರಿಗೆ ಬೇರೆ ಎಂತದೂ ಇಳೀತಿರಲಿಲ್ಲ."

ಗೇರ್‌ಬಾಕ್ಸಿನೊಳಗೆ ಎಳನೀರು! ನಾವು ಮೂವರೂ ಅತ್ತೆಯ ಕಡೆ ತಿರುಗಿದೆವು.

"ನಾನೇ ಹಾಕಿದ್ದು. ತಿಂಗಳು ತಿಂಗಳು ಸಂಕ್ರಾಂತಿಗೆ, ಅರ್ಧ ಲೋಟ."

"ಅಮ್ಮಾ! ಕಾರಿಗಾ?"

"ಕಾರಿಗೆ ಯಾಕೆ ಹಾಕ್ತೇನೆ? ನಿನ್ನ ಅಪ್ಪನಿಗೆ ಹಾಕಿದ್ದು." ಅತ್ತೆಯ ದನಿಯಲ್ಲಿ ಅಳು ಇರಲಿಲ್ಲ, ಸ್ವಲ್ಪ ಗದರಿಕೆ ಇತ್ತು. "ಒಳಗೆ ಎಲೆ ಹಾಕಿ ಬಡಿಸಿ ಬಾಗಿಲು ಹಾಕ್ತೇನೆ. ಅವರು ಒಳಗೆ ಬಂದ ಹಾಗೆಯೇ ಆಗುವುದಿಲ್ಲ. ಆದರೆ ಶೆಡ್ಡಿನಲ್ಲಿ ಬಾನೆಟ್ ಮುಚ್ಚಿದ ಸದ್ದು ಕೇಳ್ತದೆ. ಅಕ್ಟೋಬರಿನ ಸಂಕ್ರಾಂತಿಯಿಂದಲೇ ಪ್ರತಿ ತಿಂಗಳೂ ಕೇಳಿದೆ. ಹೋಗಿ ನೋಡಿದರೆ ಯಾರೂ ಇಲ್ಲ. ಮತ್ತೆ ಎಲ್ಲಿ ಬಡಿಸುವುದು? ಅವರು ಬಗ್ಗಿ ಹಾಕ್ತಿದ್ದದ್ದು ಆ ಕೊಳವೆಗೆ. ನಾನು ಅದೇ ಆಲಿಕೆಯಲ್ಲಿ ಹಾಕಿದೆ. ಈ ಸಲ ಸಹ ಕೇಳಿತು."

ಅಕ್ಷಿತ್ ನಗಲು ಹೋದವನು ನಗಲಿಲ್ಲ. ನೋಣಯ್ಯಣ್ಣ ಕ್ಯಾನನ್ನು ಕೆಳಗಿಟ್ಟು ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತುಬಿಟ್ಟರು.

"ಹಾಗಾದರೆ ನಾನಲ್ಲವಾ ಅಕ್ಕ?"

"ನೀವು ಯಾಕೆ ನೋಣಯ್ಯಣ್ಣ? ಅವರು ನಿಮ್ಮ ಕೈಯನ್ನಲ್ಲದೆ ಬೇರೆಯವರನ್ನು ನಂಬಿದವರಲ್ಲ."

ನೋಣಯ್ಯಣ್ಣ ತಮ್ಮ ಎರಡು ಅಂಗೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ಕುಣಿಯಬೇಕು ಅನಿಸಿತು, ಅಲ್ಲಿ ಕುಣಿಯುವ ಹಾಗಿರಲಿಲ್ಲ.

"ಅಕ್ಕ, ಬಡಿಸಿ, ಬೇಡ ಅನ್ನುವುದಿಲ್ಲ" ಎಂದರು ಕೊನೆಗೆ. "ಬಾನೆಟ್ ಮೇಲೆ ಇಡಿ. ಕೊಳವೆಯೊಳಗೆ ಒಂದು ಹನಿ ನೀರು ಹೋದರೂ ಗೇರ್ ಸಾಯ್ತದೆ. ಅವರಿಗೆ ಅದು ಗೊತ್ತುಂಟು. ಪಾಪ, ಕುಡಿಯದೆ ಬಿಟ್ಟಿರಬೇಕು."

ಎಣ್ಣೆ ಇಳಿಸಿ, ಅಡಿಯ ತಟ್ಟೆ ಬಿಚ್ಚಿ ತೊಳೆದು, ಎಣ್ಣೆ ಸೋಸುವ ಜರಡಿ ಬದಲಿಸಿ, ಹೊಸದು ತುಂಬಿಸಿ ಓಡಿಸಿ ಮತ್ತೆ ತೆಗೆದು, ಹೀಗೆ ಎರಡು ಸಲ ಮಾಡಿದರು. ಮೂರನೇ ಸಲ ತುಂಬಿಸಿದ್ದು ಸೋಮವಾರ ಹನ್ನೊಂದು ಗಂಟೆಗೆ. ನಾನು ಕ್ಲಾಸು ಬಿಟ್ಟು ಹಂಪನಕಟ್ಟೆಯಿಂದ ಓಡಿ ಬಂದಿದ್ದೆ, ಅತ್ತೆ ಮತ್ತು ಅಕ್ಷಿತ್ ಆಗಲೇ ಅಲ್ಲಿದ್ದರು. ಸ್ವಲ್ಪ ಸ್ವಲ್ಪವೇ ಹೊಯ್ದರು, ಜಾಸ್ತಿಯಾದರೆ ತೆಗೆಯುವುದು ಕಷ್ಟ. ಒರೆಸಿದ ಬಟ್ಟೆಯನ್ನು ತಮ್ಮ ಅಭ್ಯಾಸದಂತೆ ಮುದ್ದೆ ಮಾಡಿ ಬಾನೆಟ್ ಪಕ್ಕಕ್ಕೆ ಎಸೆದರು. ಬಾಗಿಲು ಹಾಕಿದರು. ನಾಲ್ವರೂ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತೆವು, ಈ ಸಲ ಅಕ್ಷಿತ್ ಏನೂ ಕೇಳಲಿಲ್ಲ. ಓಣಿಯಲ್ಲಿ ಒಂದು ಕಾಗೆಯೂ ಇರಲಿಲ್ಲ.

ಹತ್ತು ನಿಮಿಷ. ಮೂರು ಸಲ ತಟ್ಟಿದರು. ಕಡ್ಡಿ ಎಳೆದರು. ಎಣ್ಣೆ ಸರಿಯಾಗಿ ಗೆರೆಯ ಮೇಲೆ ನಿಂತಿತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಕೋಕಮ್ ಶರಬತ್ತಿನ ಬಣ್ಣ.

ಒರೆಸಲು ಬಟ್ಟೆಗೆ ಕೈ ಚಾಚಿದವರು ಹಾಗೆಯೇ ನಿಂತರು.

ಬಟ್ಟೆ ನಾಲ್ಕು ಮಡಿಕೆಯಾಗಿತ್ತು. ಕಲೆ ಹೊರಗೆ.

ನಾನು ಅತ್ತೆಯನ್ನು ನೋಡಿದೆ, ಅತ್ತೆ ಅಕ್ಷಿತನನ್ನು. ನಾವೆಲ್ಲ ಒಟ್ಟಿಗೇ ಇದ್ದೆವು, ಒಬ್ಬರ ಹೆಗಲು ಒಬ್ಬರಿಗೆ ತಾಗುವಷ್ಟು ಹತ್ತಿರ. ನೋಣಯ್ಯಣ್ಣ ಆ ಬಟ್ಟೆಯನ್ನು ಬಿಚ್ಚದೆಯೇ ಅಂಗಿಯ ಕಿಸೆಗೆ ಹಾಕಿ, ಕಡ್ಡಿಯನ್ನು ಒರೆಸದೆಯೇ ಇಳಿಸಿ, ಬಾನೆಟ್ಟನ್ನು ಎರಡೂ ಕೈಯಿಂದ ಮೆಲ್ಲಗೆ ಮುಚ್ಚಿದರು.

"ಬರುವ ತಿಂಗಳು ಸಂಕ್ರಾಂತಿಯ ಮರುದಿನ ತನ್ನಿ" ಎಂದರು. "ನಾನು ಇಲ್ಲಿಯೇ ಇರ್ತೇನೆ."